ಗಂಟೆ ತಪ್ಪದ ಪ್ರೀತಿ



ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಒಂದು ಘಟನೆಯಿದೆ. ಅಂದು ಸಬ್ಬತ್ ದಿನ. ಯೇಸುಸ್ವಾಮಿ ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಿದ್ದಾರೆ. ಹದಿನೆಂಟು ವರ್ಷಗಳಿಂದ ಬೆನ್ನು ಬಾಗಿ, ನೆಟ್ಟಗೆ ನಿಲ್ಲಲಾಗದ ಹೆಂಗಸೊಬ್ಬಳು ಅಲ್ಲಿದ್ದಾಳೆ. ಅವಳು ಏನನ್ನೂ ಬೇಡಲಿಲ್ಲ. ಯೇಸುಸ್ವಾಮಿಯೇ ಅವಳನ್ನು ಕಂಡು, ಹತ್ತಿರ ಕರೆದು, ಕೈಯಿಟ್ಟು ಗುಣಪಡಿಸುತ್ತಾರೆ. ಪ್ರಾರ್ಥನಾಮಂದಿರದ ಅಧ್ಯಕ್ಷನಿಗೆ ಇದರಿಂದ ಸಿಟ್ಟು ಬರುತ್ತದೆ. ಕೆಲಸ ಮಾಡಲು ಬೇರೆ ಆರು ದಿನಗಳಿಲ್ಲವೇ ಎಂದು ಆತ ಜನರನ್ನು ಗದರಿಸುತ್ತಾನೆ. ಅದಕ್ಕೆ ಪ್ರಭು ಕೊಟ್ಟ ಉತ್ತರ ಬಹಳ ಸರಳವಾದುದು. ಸಬ್ಬತ್ ದಿನವಾದರೂ ನೀವು ನಿಮ್ಮ ಎತ್ತನ್ನೋ ಕತ್ತೆಯನ್ನೋ ಕೊಟ್ಟಿಗೆಯಿಂದ ಬಿಚ್ಚಿ ನೀರು ಕುಡಿಸಲು ಕರೆದೊಯ್ಯುತ್ತೀರಲ್ಲ, ಹಾಗಿರುವಾಗ ಅಬ್ರಹಾಮನ ಮಗಳಾದ ಈಕೆಯ ಕಟ್ಟನ್ನು ಬಿಚ್ಚಬಾರದೇ ಎಂದು ಅವರು ಕೇಳುತ್ತಾರೆ.

ಈ ಭಾಗವನ್ನು ಕೇಳುವಾಗ ನಾವು ಆ ಹೆಂಗಸನ್ನು ನೆನಪಿಟ್ಟುಕೊಳ್ಳುತ್ತೇವೆ, ಎತ್ತನ್ನು ಮರೆತುಬಿಡುತ್ತೇವೆ. ಆದರೆ ಗಮನಿಸಿ: ಎತ್ತಿಗೆ ನೀರು ಕುಡಿಸುವುದನ್ನು ಯೇಸುಸ್ವಾಮಿ ತಪ್ಪೆನ್ನಲಿಲ್ಲ. ಅದು ಎಲ್ಲರೂ ಒಪ್ಪುವ ಒಳ್ಳೆಯ ಕೆಲಸವೆಂದೇ ಇಟ್ಟುಕೊಂಡು ತಮ್ಮ ಮಾತನ್ನು ಅದರ ಮೇಲೆ ನಿಲ್ಲಿಸಿದರು. ಹೀಗಾಗಿ ಇಲ್ಲಿ ನಮಗೆ ಎರಡು ಪಾಠಗಳಿವೆ. ನಮ್ಮನ್ನು ನಂಬಿಕೊಂಡಿರುವ ಜೀವಿಯ ಬಾಯಾರಿಕೆಗೆ ರಜೆಯ ದಿನವೆಂಬುದಿಲ್ಲ ಎಂಬುದು ಮೊದಲನೆಯದು. ಎತ್ತಿನ ಕಟ್ಟು ಬಿಚ್ಚಿದ ಕೈ ಮನುಷ್ಯರ ಕಟ್ಟನ್ನೂ ಬಿಚ್ಚಬೇಕು ಎಂಬುದು ಎರಡನೆಯದು.

ಈ ಎರಡು ಪಾಠಗಳನ್ನು ಇಂದು ಒಂದು ಸಣ್ಣ ವಿಷಯಕ್ಕೆ ಅನ್ವಯಿಸಿ ನೋಡೋಣ. ಅದು ಬೀದಿಯಿಂದ ತಂದು ಸಾಕಿದ, ಸಕ್ಕರೆ ಕಾಯಿಲೆಯಿರುವ ಒಂದು ಬೆಕ್ಕಿನ ಆರೈಕೆ. ವಿಶ್ವಾಸದ ಪುಟದಲ್ಲಿ ಬೆಕ್ಕಿನ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ನಿಜ, ನಮ್ಮ ಕಥೋಲಿಕ ಬೈಬಲ್‌ನಲ್ಲಿ ಸಾಕುಬೆಕ್ಕಿನ ಹೆಸರು ಬರುವುದು ಬಾರೂಕನ ಗ್ರಂಥದ 6ನೇ ಅಧ್ಯಾಯದಲ್ಲಿ ಮಾತ್ರ. ಅಲ್ಲಿಯೂ ಅದು ವಿಗ್ರಹಗಳ ಮೇಲೆ ಬಂದು ಕೂರುವ ಪ್ರಾಣಿ, ಅಷ್ಟೇ. ಆದರೆ ಎರಡು ಕಾಸಿಗೆ ಐದರಂತೆ ಮಾರಾಟವಾಗುವ ಗುಬ್ಬಚ್ಚಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಎಂದವರು ನಮ್ಮ ಪ್ರಭುವೇ. ದೇವರು ಮರೆಯದೆ ಇರುವುದನ್ನು ನಾವು ಅಲ್ಪವೆಂದು ತಳ್ಳಿಹಾಕುವುದು ಬೇಡ.

ಅರಿಯುವುದೇ ಪ್ರೀತಿಯ ಮೊದಲ ಹೆಜ್ಜೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ಅದು ನಿಮ್ಮ ಮನೆಯೇ ಇರಬಹುದು. ಮಳೆಗಾಲದ ಒಂದು ಸಂಜೆ ಮಕ್ಕಳು ಸೊರಗಿದ ಬೆಕ್ಕೊಂದನ್ನು ಎತ್ತಿಕೊಂಡು ಬಂದಿದ್ದಾರೆ. ಮನೆಯ ಅಜ್ಜಿ ಅದಕ್ಕೆ ತಟ್ಟೆ ತುಂಬ ಹಾಲು ಅನ್ನ ಕಲಸಿಕೊಡುತ್ತಾರೆ. ಬೆಕ್ಕು ಗಬಗಬ ತಿನ್ನುತ್ತದೆ, ಆದರೆ ಮೈ ಹಿಡಿಯುವುದಿಲ್ಲ. ಬಕೆಟ್ಟಿಗೆ ಬಾಯಿಟ್ಟು ಮತ್ತೆ ಮತ್ತೆ ನೀರು ಕುಡಿಯುತ್ತದೆ, ಮೂಲೆ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಅದರ ನಡಿಗೆಯೇ ಬದಲಾಗುತ್ತದೆ. ಹಿಂಗಾಲಿನ ಬೆರಳುಗಳ ಮೇಲೆ ನಡೆಯಬೇಕಾದುದು ಹಿಮ್ಮಡಿಯೂರಿ ನಡೆಯತೊಡಗುತ್ತದೆ. ಪಶುವೈದ್ಯರು ರಕ್ತ, ಮೂತ್ರ ಪರೀಕ್ಷಿಸಿ, ಇದಕ್ಕೆ ಸಕ್ಕರೆ ಕಾಯಿಲೆ ಇದೆ ಎನ್ನುತ್ತಾರೆ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ನಾವು ಆಡಿಕೊಳ್ಳುತ್ತೇವೆ. ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದು ಹಾಲು ಕೊಟ್ಟವರು. ಬೆಕ್ಕು ಮಾಂಸಾಹಾರಿ ಪ್ರಾಣಿ. ಅದರ ದೇಹ ಅನ್ನಕ್ಕಾಗಿ ರೂಪುಗೊಂಡದ್ದಲ್ಲ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೂ ಇಲ್ಲ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಬೇಕಾದುದು ಪಿಷ್ಟ ಕಡಿಮೆಯಿರುವ, ಮೀನು ಮಾಂಸದ ಅಂಶ ಹೆಚ್ಚಿರುವ ಆಹಾರ. ಅದನ್ನೂ ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಡಬೇಕು.

ಜ್ಞಾನೋಕ್ತಿಗಳ ಗ್ರಂಥದ 12ನೇ ಅಧ್ಯಾಯವು ನೀತಿವಂತನ ಲಕ್ಷಣವೊಂದನ್ನು ಹೇಳುತ್ತದೆ: ತನ್ನ ಸಾಕುಪ್ರಾಣಿಯ ಜೀವವನ್ನು ಅವನು ಅರಿತಿರುತ್ತಾನೆ. ಹೀಬ್ರೂ ಮೂಲದಲ್ಲಿ ಅಲ್ಲಿರುವ ಕ್ರಿಯಾಪದಕ್ಕೆ ಬರೀ ಮುದ್ದು ಮಾಡುವುದೆಂಬ ಅರ್ಥವಿಲ್ಲ, ಅರಿಯುವುದು ಎಂದೇ ಅರ್ಥ. ನಮಗೆ ಕೊಡಬೇಕೆನಿಸಿದ್ದನ್ನು ಕೊಡುವುದು ಸುಲಭ. ಎದುರಿನ ಜೀವಿಗೆ ಏನು ಬೇಕೆಂದು ತಿಳಿದು, ನಮ್ಮ ಕೈಯನ್ನು ತಡೆದು ಕೊಡುವುದು ಕಷ್ಟ. ಮಕ್ಕಳನ್ನು ಬೆಳೆಸಿದ ತಂದೆತಾಯಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಳತೆ ಮತ್ತು ಗಂಟೆ

ಬೆಕ್ಕಿಗೂ ಮನುಷ್ಯರಂತೆ ಇನ್ಸುಲಿನ್ ಚುಚ್ಚುಮದ್ದೇ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗಳ ಅಂತರದಲ್ಲಿ ಕೊಡಬೇಕು. ಬೆಳಿಗ್ಗೆ ಏಳಕ್ಕೆ ಕೊಟ್ಟರೆ ರಾತ್ರಿ ಏಳಕ್ಕೆ. ಭಾನುವಾರದ ಬಲಿಪೂಜೆಯಿರಲಿ, ಊರಿನ ಹಬ್ಬವಿರಲಿ, ನೆಂಟರ ಮದುವೆಯ ರೋಸ್ ಇರಲಿ, ಆ ಗಂಟೆ ಬಂದೇ ಬರುತ್ತದೆ. ಸಬ್ಬತ್ ದಿನ ಎತ್ತನ್ನು ನೀರಿಗೆ ಬಿಟ್ಟ ಆ ರೈತನ ಪಾಡೂ ಇದೇ ಆಗಿತ್ತಲ್ಲವೇ?

ಇಲ್ಲಿ ಅಳತೆಯ ಎಚ್ಚರ ಬಹಳ ಮುಖ್ಯ. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಗೆರೆ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ಹೋಗುವುದು ಎರಡೂವರೆ ಪಟ್ಟು. ಇಂಥ ಒಂದು ತಪ್ಪು ಜೀವವನ್ನೇ ತೆಗೆಯಬಹುದು. ಮನೆಯಲ್ಲಿ ಮನುಷ್ಯರಿಗೂ ಬೆಕ್ಕಿಗೂ ಇನ್ಸುಲಿನ್ ಇದ್ದರೆ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಬೇಡ, ಒಂದೇ ಸೂಜಿ ಇಬ್ಬರಿಗೂ ಬೇಡವೇ ಬೇಡ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು, ಆಸ್ಪತ್ರೆಗೋ ಚಿಕಿತ್ಸಾಲಯಕ್ಕೋ ಒಪ್ಪಿಸಿ. ಕಸದ ಚೀಲದಲ್ಲಿ ಎಸೆದ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆ ಕಸದ ಬುಟ್ಟಿಯವರೆಗೂ ಬರುತ್ತದೆ.

ಬೀದಿಯಿಂದ ಬಂದ ಬೆಕ್ಕಿನ ಸಕ್ಕರೆ ಒಂದೇ ಮಟ್ಟದಲ್ಲಿ ನಿಲ್ಲದಿರಲು ಹಲವು ಕಾರಣಗಳಿವೆ. ಹಲ್ಲು ಒಸಡಿನಲ್ಲಿ ಕೀವಿರಬಹುದು, ಮೂತ್ರದ ಸೋಂಕಿರಬಹುದು. ಹಿಂದೆ ಚರ್ಮದ ಕಾಯಿಲೆಗೆಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿರಬಹುದು. ಪಕ್ಕದ ಮನೆಯಲ್ಲಿ ಕದ್ದು ತಿಂದಿರಲೂಬಹುದು. ಭಯ ಕೂಡ ಒಂದು ಕಾರಣವೇ. ಆಟೋದಲ್ಲಿ ಕುಲುಕಿಸಿಕೊಂಡು ಆಸ್ಪತ್ರೆಗೆ ಹೋದರೆ ಆರೋಗ್ಯವಂತ ಬೆಕ್ಕಿನ ಸಕ್ಕರೆಯೂ ಹೆದರಿಕೆಯಿಂದ 300 ದಾಟಬಹುದು. ಆದ್ದರಿಂದಲೇ ವೈದ್ಯರು ಒಂದು ಸಲದ ಅಂಕಿಯನ್ನು ನೋಡಿ ತೀರ್ಪು ಕೊಡುವುದಿಲ್ಲ. ಫ್ರಕ್ಟೋಸಮೀನ್ ಎಂಬ ಪರೀಕ್ಷೆ ಮಾಡಿಸಿ, ಹಿಂದಿನ ಒಂದೆರಡು ವಾರಗಳಲ್ಲಿ ಸಕ್ಕರೆ ಹೇಗಿತ್ತೆಂದು ನೋಡುತ್ತಾರೆ. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ಪರೀಕ್ಷಿಸುವುದನ್ನೂ ಕಲಿಸಿಕೊಡುತ್ತಾರೆ. ಒಂದು ದಿನ ಅಂಕಿ ಹೆಚ್ಚಾಯಿತೆಂದು ನಾವೇ ಔಷಧಿ ಹೆಚ್ಚಿಸುವುದು, ಒಂದು ದಿನ ತಪ್ಪಿತೆಂದು ಮರುದಿನ ಎರಡರಷ್ಟು ಕೊಡುವುದು ಅಪಾಯಕರ.

ಸಕ್ಕರೆ ಏರುವುದಕ್ಕಿಂತ ತಟ್ಟನೆ ಇಳಿಯುವುದು ಹೆಚ್ಚು ಭಯಂಕರ. ಊಟ ಮಾಡದ ಬೆಕ್ಕಿಗೆ ವೈದ್ಯರನ್ನು ಕೇಳದೆ ಇನ್ಸುಲಿನ್ ಕೊಡಬಾರದು. ಸಕ್ಕರೆ ಇಳಿದ ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ. ಕೊನೆಗೆ ಫಿಟ್ಸ್ ಬಂದು ಬೀಳುತ್ತದೆ. ಎಚ್ಚರವಿದ್ದರೆ ಕೂಡಲೇ ಆಹಾರ ಕೊಡಿ. ತಿನ್ನಲಾರದಿದ್ದರೆ ಜೇನನ್ನೋ ಸಕ್ಕರೆ ಪಾಕವನ್ನೋ ಬೆರಳಲ್ಲಿ ತೆಗೆದುಕೊಂಡು ಒಸಡಿಗೆ ಸವರಿ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಬೇಡಿ. ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ. ಇನ್ನೊಂದು ಸಂತೋಷದ ಮಾತೂ ಇದೆ: ಬೇಗನೆ ಚಿಕಿತ್ಸೆ ಆರಂಭಿಸಿ, ಆಹಾರ ಸರಿಪಡಿಸಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಡವೇ ಆಗುತ್ತದೆ. ಆಗ ಹಳೆಯ ಅಳತೆಯೇ ಹೆಚ್ಚಾಗುವುದರಿಂದ, ಗುಣವಾಗುವ ಕಾಲದಲ್ಲೂ ಕಣ್ಣಿಡಬೇಕು.

ಪ್ರಿಯರೇ, ಇದೆಲ್ಲ ಬರೀ ವೈದ್ಯಶಾಸ್ತ್ರವಲ್ಲ. ಪ್ರೀತಿಯೆಂದರೆ ಹೃದಯ ಉಕ್ಕುವುದೆಂದು ನಾವು ತಿಳಿದಿದ್ದೇವೆ. ಉಕ್ಕಿದ್ದು ಇಳಿದ ಮೇಲೂ ಗಂಟೆಗೆ ಸರಿಯಾಗಿ ಏಳುವುದು, ಅಳತೆ ತಪ್ಪದಿರುವುದು, ಬರೆದಿಡುವುದು, ಒಂದು ದಿನದ ಅಂಕಿಗೆ ಎದೆಗುಂದದಿರುವುದು, ಇದೂ ಪ್ರೀತಿಯೇ. ನಮ್ಮ ಜಪಸರದ ಮಣಿಗಳೂ ಹಾಗೆಯೇ ಒಂದಾದ ಮೇಲೊಂದು ಸಾಗುತ್ತವೆ. ಒಂದೊಂದು ಮಣಿಗೂ ಕಣ್ಣೀರು ಬರುವುದಿಲ್ಲ, ಆದರೂ ಪ್ರಾರ್ಥನೆ ನಡೆಯುತ್ತದೆ.

ನಾವು ಹೊತ್ತ ಋಣ

ಇನ್ಸುಲಿನ್ ನಮಗೆ ಬಂದ ದಾರಿಯನ್ನೂ ಸ್ವಲ್ಪ ನೆನೆಯೋಣ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಈ ವಸ್ತುವಿನ ಗುಣವನ್ನು ತೋರಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಡಲಾಯಿತು. ಅದು ಎತ್ತಿನ ಮೇದೋಜ್ಜೀರಕ ಗ್ರಂಥಿಯಿಂದ ತೆಗೆದ ಸಾರ. ಮೊದಲ ಸಲ ಫಲ ಸಿಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಹುಡುಗ ಚೇತರಿಸಿಕೊಂಡ. 1923ರಲ್ಲಿ ಬ್ಯಾಂಟಿಂಗರ ಸಂಗಡಿಗರು ಅದರ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಬಿಟ್ಟುಕೊಟ್ಟರು.

ಮುಂದೆ ದಶಕಗಳ ಕಾಲ ಹಸು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಲಕ್ಷಾಂತರ ಮನುಷ್ಯರನ್ನು ಬದುಕಿಸಿತು. ಬೆಕ್ಕಿನ ಇನ್ಸುಲಿನ್ನಿಗೂ ಹಸುವಿನ ಇನ್ಸುಲಿನ್ನಿಗೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ಸೃಷ್ಟಿಕರ್ತರು ತಮ್ಮ ಜೀವಿಗಳನ್ನು ಇಷ್ಟು ಹತ್ತಿರ ಹತ್ತಿರವಾಗಿ ಹೆಣೆದಿದ್ದಾರೆ. ನಾಯಿ, ಎತ್ತು, ಹಂದಿಗಳ ದೇಹದಿಂದ ನಮ್ಮ ತಂದೆತಾಯಿಗಳಿಗೆ ಆಯುಷ್ಯ ಬಂದಿರುವಾಗ, ಅದೇ ಔಷಧಿಯನ್ನು ಬೆಕ್ಕಿಗೆ ಕೊಡುವುದನ್ನು ನೋಡಿ ನಗಬೇಕಾಗಿಲ್ಲ.

ಬಡವರ ಪಾಲು

ಆದರೂ ಪ್ರಾಮಾಣಿಕವಾದ ಒಂದು ಪ್ರಶ್ನೆ ಉಳಿಯುತ್ತದೆ. ಔಷಧಿಗೆ ಹಣವಿಲ್ಲದ ಮನುಷ್ಯರಿರುವಾಗ ಬೆಕ್ಕಿಗೆ ಖರ್ಚು ಮಾಡುವುದು ಸರಿಯೇ? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಿಲ್ಲ. 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಅದು ಎರಡೂ ಕಡೆ ಮಾತಾಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಿಸಬೇಕು, ಕಾರಣವಿಲ್ಲದೆ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧ. ಹಾಗೆಯೇ, ಮೊದಲು ಮನುಷ್ಯರ ಸಂಕಟ ನೀಗಿಸಲು ಹೋಗಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕದ್ದಲ್ಲ. ಪ್ರಾಣಿಗಳನ್ನು ಪ್ರೀತಿಸಬಹುದು, ಆದರೆ ಮನುಷ್ಯರಿಗೇ ಸಲ್ಲಬೇಕಾದ ಪ್ರೀತಿಯನ್ನು ಅವುಗಳ ಕಡೆಗೆ ತಿರುಗಿಸಬಾರದು.

ಹಾಗಾದರೆ ಬೆಕ್ಕಿನ ಇನ್ಸುಲಿನ್ ಯಾರ ಪಾಲಿನಿಂದ ಬರಬೇಕು? ಬಡವರ ಪಾಲಿನಿಂದಲ್ಲ, ನಮ್ಮ ಸುಖದ ಪಾಲಿನಿಂದ. ಮನೆಗೆಲಸದವಳ ಸಂಬಳ ಹೊತ್ತಿಗೆ ಸರಿಯಾಗಿ ಸಂದಿದೆಯೇ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಾಗಿಲಿಗೆ ಬಂದಾಗ ಕೊಡುತ್ತಿದ್ದುದು ಕಡಿಮೆಯಾಗಿಲ್ಲವೇ? ಹಾಗಿದ್ದರೆ, ಹೊಸ ಸೀರೆಯೊಂದನ್ನು, ಹೋಟೆಲಿನ ಊಟವೊಂದನ್ನು ಬಿಟ್ಟು ಬೆಕ್ಕಿಗೆ ಔಷಧಿ ತಂದರೆ ಅದರಲ್ಲಿ ತಪ್ಪೇನಿಲ್ಲ.

ಈ ದಾರಿಯಲ್ಲಿ ನಡೆದು ತೋರಿಸಿದವರು ಪೆರು ದೇಶದ ಲಿಮಾ ನಗರದ ಸಂತ ಮಾರ್ಟಿನ್ ಡಿ ಪೋರ್ರೆಸ್. 1579ರಲ್ಲಿ ಹುಟ್ಟಿ 1639ರಲ್ಲಿ ತೀರಿಕೊಂಡ ಈ ಡೊಮಿನಿಕನ್ ಸಹೋದರರನ್ನು 1962ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನರು ಸಂತರೆಂದು ಘೋಷಿಸಿದರು. ಮಠದ ರೋಗಿಗಳ ಶುಶ್ರೂಷೆ, ಬೀದಿಯ ಬಡವರಿಗೆ ಅನ್ನ, ಅನಾಥ ಮಕ್ಕಳಿಗೆ ಆಸರೆ, ಇವು ಅವರ ದಿನಚರಿ. ಗಾಯಗೊಂಡ ನಾಯಿ ಬೆಕ್ಕುಗಳಿಗೆ ತಮ್ಮ ಸಹೋದರಿಯ ಮನೆಯಲ್ಲಿ ಜಾಗ ಮಾಡಿಕೊಟ್ಟವರೂ ಅವರೇ. ನಾಯಿ, ಬೆಕ್ಕು, ಇಲಿ ಒಂದೇ ತಟ್ಟೆಯಲ್ಲಿ ತಿನ್ನುವ ಅವರ ಚಿತ್ರವನ್ನು ನೀವು ನೋಡಿರಬಹುದು. ಪ್ರಾಣಿಗಳಿಗಾಗಿ ಅವರು ರೋಗಿಗಳನ್ನು ಬಿಡಲಿಲ್ಲ, ರೋಗಿಗಳ ನೆಪದಲ್ಲಿ ಪ್ರಾಣಿಗಳನ್ನು ಒದೆಯಲಿಲ್ಲ.

ಒಳಕೋಣೆಯ ಅಜ್ಜಿ

ಈಗ ಮತ್ತೆ ನಾವು ಊಹಿಸಿಕೊಂಡ ಆ ಮನೆಗೆ ಹೋಗೋಣ. ಬೆಳಿಗ್ಗೆ ಏಳಕ್ಕೆ ಮೊಬೈಲ್ ಅಲಾರಂ ಹೊಡೆಯುತ್ತದೆ. ಮಗ ಎದ್ದು ಬಂದು ಬೆಕ್ಕು ತಿಂದಿತೇ ಎಂದು ಕೇಳುತ್ತಾನೆ. ಸೊಸೆ ಸಿರಿಂಜಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಅಜ್ಜಿ ಕೂತಿದ್ದಾರೆ. ಅವರಿಗೂ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಂಜಾದ ಕಣ್ಣು, ನಡುಗುವ ಕೈ. ಯಾರಿಗೂ ತೊಂದರೆ ಬೇಡವೆಂದು ತಾವೇ ಗೆರೆ ಎಣಿಸಿ ಚುಚ್ಚಿಕೊಳ್ಳುತ್ತಾರೆ. ತಿಂದಿರಾ ಅಮ್ಮಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಬೆಕ್ಕಿಗೆ ಹಾಲು ಹಾಕಿದ್ದಕ್ಕೆ ನಿನ್ನೆ ಅವರಿಗೆ ಬೈಗುಳ ಬೇರೆ ಸಿಕ್ಕಿದೆ.

ಹದಿನೆಂಟು ವರ್ಷ ಬೆನ್ನು ಬಾಗಿದ್ದ ಆ ಹೆಂಗಸು ಇಲ್ಲೇ ಇದ್ದಾಳೆ. ಅವಳೂ ಏನನ್ನೂ ಬೇಡಲಿಲ್ಲ.

ಇದನ್ನು ಕಂಡು ಬೆಕ್ಕನ್ನು ಹೊರಗೆ ಹಾಕಿ ಎನ್ನಬೇಕೇ? ಪ್ರಭು ಹಾಗೆ ಹೇಳಲಿಲ್ಲ. ಎತ್ತನ್ನು ಕಟ್ಟಿಹಾಕಿ ಎನ್ನಲಿಲ್ಲ, ಹೆಂಗಸನ್ನೂ ಬಿಚ್ಚಿ ಎಂದರು. ಬೆಕ್ಕು ಆ ಮನೆಯವರಿಗೆ ಒಂದು ವಿದ್ಯೆ ಕಲಿಸಿದೆ. ಊಟ ಮೊದಲು, ಸೂಜಿ ಆಮೇಲೆ ಎಂದು ಈಗ ಅವರಿಗೆ ಗೊತ್ತು. ನಡುಕ, ಮಂಕು ಏನನ್ನು ಸೂಚಿಸುತ್ತವೆಂದು ಗೊತ್ತು. ಎರಡು ಬಗೆಯ ಸಿರಿಂಜಿದೆ ಎಂದೂ ಗೊತ್ತು. ಆ ವಿದ್ಯೆಯನ್ನು ಹತ್ತು ಹೆಜ್ಜೆ ಆಚೆಗೆ, ಒಳಕೋಣೆಗೆ ಒಯ್ದರೆ ಸಾಕು. ಅಲಾರಂ ಹೊಡೆದಾಗ ಮೊದಲು ಅಜ್ಜಿಯ ತಟ್ಟೆ, ಅಜ್ಜಿಯ ಸೂಜಿ. ಅದಾದ ಮೇಲೆ ಬೆಕ್ಕಿನದು. ಹಾಲು ಏಕೆ ಬೇಡವೆಂದು ಅವರಿಗೆ ಮೆತ್ತಗೆ ತಿಳಿಸಿ ಹೇಳಿ. ಬೆಕ್ಕು ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ತಿಂದಿತು ಎಂದು ಬರೆಸುವ ಕೆಲಸವನ್ನು ಅವರಿಗೇ ಒಪ್ಪಿಸಿ; ಮೊಮ್ಮಗ ಬರೆಯಲಿ, ಅಜ್ಜಿ ಹೇಳಲಿ. ದಿನವಿಡೀ ಬೆಕ್ಕಿನ ಜೊತೆ ಇರುವವರು ಅವರೇ ತಾನೇ?

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲಾವ್ದಾತೊ ಸೀ' ವಿಶ್ವಪತ್ರದಲ್ಲಿ ಇದೇ ಮಾತನ್ನು ಎರಡೂ ಬದಿಯಿಂದ ವಿವರಿಸಿದ್ದಾರೆ. ಸಹಮಾನವರ ಬಗ್ಗೆ ಕರುಣೆಯಿಲ್ಲದ ಹೃದಯಕ್ಕೆ ಸೃಷ್ಟಿಯ ಮೇಲಿರುವ ಪ್ರೀತಿ ನಿಜವಾದುದಲ್ಲ. ಪ್ರಾಣಿಗಳ ಮೇಲೆ ತೋರುವ ಕ್ರೌರ್ಯ ಇಂದಲ್ಲ ನಾಳೆ ಮನುಷ್ಯರ ಮೇಲೂ ತಿರುಗುತ್ತದೆ. ಹೃದಯ ಒಂದೇ. ಅದಕ್ಕೆ ಎರಡು ಕೋಣೆ ಕಟ್ಟಿ ಒಂದಕ್ಕೆ ಬೀಗ ಹಾಕಲಾಗದು.

ಕೊನೆಯದಾಗಿ, ಎಷ್ಟೇ ಆರೈಕೆ ಮಾಡಿದರೂ ಕೆಲವು ಬೆಕ್ಕುಗಳು ಉಳಿಯುವುದಿಲ್ಲ. ಗುಣವಾಗುವ ದಾರಿಯಿಲ್ಲದೆ ಪ್ರಾಣಿ ನರಳುತ್ತಿರುವಾಗ, ನೋವಿಲ್ಲದೆ ಅದರ ಬದುಕು ಮುಗಿಸುವ ಮಾತನ್ನು ವೈದ್ಯರು ಎತ್ತಬಹುದು. ಮನುಷ್ಯ ದೇವರ ಪ್ರತಿರೂಪ. ಅವನ ಪ್ರಾಣವನ್ನು ನಾವು ಮುಟ್ಟುವಂತಿಲ್ಲ. ಪ್ರಾಣಿಯ ವಿಷಯದಲ್ಲಿ ಧರ್ಮಸಭೆ ಆ ನಿಯಮವನ್ನು ಹೇರಿಲ್ಲ. ಆದ್ದರಿಂದ ವೈದ್ಯರ ಮಾತಿಗೆ ಒಪ್ಪಿದವರು ಪಾಪಭಯದಿಂದ ಕೊರಗಬೇಕಾಗಿಲ್ಲ. ಅಳುವ ಮಕ್ಕಳಿಗೆ 'ಬರೀ ಬೆಕ್ಕು ತಾನೇ' ಎನ್ನಬೇಡಿ. ಗುಬ್ಬಚ್ಚಿಯನ್ನು ಮರೆಯದ ದೇವರು ಇದನ್ನೂ ಮರೆಯುವುದಿಲ್ಲ ಎಂದು ಹೇಳಿ. ಅಷ್ಟು ಸಾಕು, ಅದು ನಿಜವೂ ಹೌದು.

ಈ ವಾರ ಮಾಡಬಹುದಾದದ್ದು: ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನಿಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಸಕ್ಕರೆ ಕಾಯಿಲೆಯಿದ್ದು ಒಂಟಿಯಾಗಿ ಸೂಜಿ ಚುಚ್ಚಿಕೊಳ್ಳುವವರು ಯಾರಿದ್ದಾರೆಂದು ವಿಚಾರಿಸಿ. ಒಂದು ದಿನ ಊಟದ ಹೊತ್ತಿಗೆ ಅವರ ಬಳಿ ಹೋಗಿ, ಅವರು ತಿಂದರೇ ಎಂದು ಕೇಳಿ, ಸಿರಿಂಜಿನ ಗೆರೆಯನ್ನು ಅವರೊಂದಿಗೆ ನೋಡಿ. ಬಾಗಿಲಲ್ಲಿ ಸೊರಗಿದ ಪ್ರಾಣಿಯಿದ್ದರೆ ಕಲ್ಲೆಸೆಯಬೇಡಿ, ನೀರಿಡಿ.

ಪ್ರಾರ್ಥಿಸೋಣ: ಕರುಣಾಮಯ ತಂದೆಯೇ, ನೀವು ಸೃಷ್ಟಿಸಿದ ಯಾವ ಜೀವಿಯನ್ನೂ ಮರೆಯದವರು ನೀವು. ನಮ್ಮ ಕೈಗೆ ಒಪ್ಪಿಸಿದ ಜೀವಗಳನ್ನು ಅರಿತು ಪ್ರೀತಿಸುವ ಬುದ್ಧಿಯನ್ನೂ, ಹೊತ್ತು ತಪ್ಪದೆ ಸೇವೆ ಮಾಡುವ ತಾಳ್ಮೆಯನ್ನೂ ನಮಗೆ ದಯಪಾಲಿಸಿರಿ. ನಮ್ಮ ಮನೆಯೊಳಗೇ ಬೆನ್ನು ಬಾಗಿ ಕೂತಿರುವವರನ್ನು ಕಾಣುವ ಕಣ್ಣು ಕೊಡಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.